ಟಾಗ್ವಾ ಬೀಜ: ಕೆತ್ತುವವರಿಗೂ ಕಡೆಯುವವರಿಗೂ ಒಂದು ಬಹಿರಂಗ ಪತ್ರ

ಸಾಗರ, ಸೊರಬ, ಶಿರಸಿಯ ಗುಡಿಗಾರರಿಗೆ, ಮೈಸೂರಿನ ಬೀಟೆ ಇನ್ಲೇ ಕೆಲಸದವರಿಗೆ, ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಗಳಿಗೆ,

ಟಾಗ್ವಾ ಒಂದು ತಾಳೆ ಜಾತಿಯ ಮರದ ಬೀಜ. ಗಾತ್ರದಲ್ಲಿ ಕೋಳಿಮೊಟ್ಟೆಗೆ ಹತ್ತಿರ. ಹೊರಗೆ ಗಟ್ಟಿ ಚಿಪ್ಪು, ಅದರೊಳಗೆ ತೆಳ್ಳನೆಯ ಕಂದು ಸಿಪ್ಪೆ, ಸಿಪ್ಪೆಯೊಳಗೆ ಕೆನೆಬಣ್ಣದ ತಿರುಳು. ತಿರುಳು ಪೂರ್ತಿ ಒಣಗಿದ ಮೇಲೆ ಹೆಚ್ಚುಕಡಿಮೆ ಆನೆದಂತದಷ್ಟೇ ಗಟ್ಟಿಯಾಗುತ್ತದೆ; ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಎರಡಕ್ಕೂ ಸುಮಾರು 2.5ರ ಸ್ಥಾನ. ಕಡೆದರೆ ದಂತದ ಹಾಗೆ ನುಣ್ಣನೆಯ ಹಿಟ್ಟು ಬೀಳುತ್ತದೆ, ಉಜ್ಜಿದರೆ ದಂತದ ಹಾಗೆ ಹೊಳಪು ಏಳುತ್ತದೆ, ವರ್ಷಗಳು ಉರುಳಿದಂತೆ ದಂತದ ಹಾಗೆಯೇ ಹಳದಿಗೆ ತಿರುಗುತ್ತದೆ. ಈ ಹೋಲಿಕೆಯಿಂದಾಗಿ ಯುರೋಪಿನವರು ಅದನ್ನು ಸಸ್ಯದಂತ ಎಂದು ಕರೆದರು. ಆ ಹೆಸರೇ ಅದಕ್ಕೆ ಮಾರುಕಟ್ಟೆ ದೊರಕಿಸಿತು, ಆ ಹೆಸರೇ ಮುಂದೆ ಅದನ್ನು ಮುಳುಗಿಸಿತು. ಹೇಗೆ ಎಂಬುದು ದಂತ ಕಳೆದುಕೊಂಡ ಕಸುಬಿನವರಿಗೆ ತಿಳಿದಿರಬೇಕಾದ ಸಂಗತಿ.

ಟಾಗ್ವಾ ಮರಗಳ ಕುಲಕ್ಕೆ ಫೈಟೆಲೆಫಾಸ್ ಎಂದು ಹೆಸರಿಟ್ಟವರು ಸ್ಪೇನಿನ ಸಸ್ಯವಿಜ್ಞಾನಿಗಳಾದ ರೂಯಿಸ್ ಮತ್ತು ಪಾವೋನ್, 1798ರಲ್ಲಿ. ಗ್ರೀಕ್ ಭಾಷೆಯಲ್ಲಿ ಫೈಟಾನ್ ಎಂದರೆ ಗಿಡ, ಎಲೆಫಾಸ್ ಎಂದರೆ ಆನೆ. ಪನಾಮಾದಿಂದ ಕೊಲಂಬಿಯಾ, ಈಕ್ವೆಡಾರ್, ಪೆರು ದಾಟಿ ಅಮೆಜಾನಿನ ಪಶ್ಚಿಮದ ಅಂಚಿನವರೆಗೆ ಈ ಕುಲದ ಸುಮಾರು ಆರು ಪ್ರಭೇದಗಳು ಹರಡಿಕೊಂಡಿವೆ. ವ್ಯಾಪಾರಕ್ಕೆ ಹೆಚ್ಚು ಸಿಕ್ಕಿದ್ದು ಈಕ್ವೆಡಾರ್‌ನಲ್ಲಿ, ಆಂಡಿಸ್ ಪರ್ವತದ ಪಶ್ಚಿಮಕ್ಕೆ, ತೇವ ತುಂಬಿದ ತಗ್ಗು ಕಾಡುಗಳಲ್ಲಿ ಬೆಳೆಯುವ ಫೈಟೆಲೆಫಾಸ್ ಈಕ್ವಟೋರಿಯಾಲಿಸ್. ಇದನ್ನು ಹೆಸರಿಸಿದವನು ಇಂಗ್ಲೆಂಡಿನ ಸಸ್ಯವಿಜ್ಞಾನಿ ರಿಚರ್ಡ್ ಸ್ಪ್ರೂಸ್. ನಮ್ಮ ನೆರೆಯ ನೀಲಗಿರಿಯಲ್ಲಿ ಕ್ವಿನೈನ್ ಮದ್ದಿಗಾಗಿ ಬೆಳೆಸಿದ ಸಿಂಕೋನಾ ತೋಟಗಳಿಗೆಂದು 1860ರಲ್ಲಿ ಈಕ್ವೆಡಾರ್‌ನಿಂದ ಬೀಜ, ಸಸಿ ಕೂಡಿಸಿ ಕಳಿಸಿದವನೂ ಅವನೇ. ಸಿಂಕೋನಾ ಕಡಲು ದಾಟಿ ಬಂದು ಇಲ್ಲಿ ನೆಲೆಯೂರಿತು; ಟಾಗ್ವಾ ತನ್ನ ಕಾಡಿನಲ್ಲೇ ಉಳಿಯಿತು.

ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ, ಅದೂ ನೆಟ್ಟು ಹಲವು ವರ್ಷ ಕಾದ ಮೇಲೆ. ಗಂಡು ಮರದ ಉದ್ದನೆಯ ಹೂಗೊಂಚಲಿನ ಕಂಪಿಗೆ ಜೀರುಂಡೆಗಳು ಮುತ್ತುತ್ತವೆ. ಪರಾಗ ಸಾಗಿಸುವ ಕೆಲಸ ಮುಖ್ಯವಾಗಿ ಅವುಗಳದು. ಕಾಯಿ ಬಿಡದ ಮರ ಯಾಕೆ ಎಂದು ಗಂಡು ಮರಗಳನ್ನು ಕಡಿದು ಹಾಕಿದ ತೋಪಿನಲ್ಲಿ ಹೆಣ್ಣು ಮರಗಳೂ ಬರಡಾಗುತ್ತವೆ. ಕಾಯಿಗಳು ಒಂಟಿಯಾಗಿ ಬಿಡುವುದಿಲ್ಲ. ಗರಿಗಳ ಬುಡದಲ್ಲಿ, ಮರದ ಕಂಕುಳಲ್ಲಿ ಸಿಕ್ಕಿಸಿಟ್ಟ ಹಾಗೆ, ಮೊನೆಮೊನೆಯಾದ ದೊಡ್ಡ ಉಂಡೆಗಳಾಗಿ ಬೆಳೆಯುತ್ತವೆ. ನೋಡಲು ಹಲಸಿನ ಹಣ್ಣನ್ನು ಮರದಲ್ಲಿ ಒರಟಾಗಿ ಕೆತ್ತಿಟ್ಟ ಹಾಗಿರುತ್ತದೆ. ಈಕ್ವೆಡಾರ್‌ನಲ್ಲಿ ಈ ಉಂಡೆಗೆ ಮೊಕೋಚಾ ಎನ್ನುತ್ತಾರೆ. ಒಂದು ಮೊಕೋಚಾದಲ್ಲಿ ಹಲವು ಕಾಯಿ, ಒಂದೊಂದು ಕಾಯಿಯಲ್ಲಿ ಹಲವು ಬೀಜ. ಗರಿಗೆ ಬೇರೆ ಹೆಸರಿದೆ, ಕಾಡೆ. ಅದು ಮನೆಯ ಮಾಡಿಗೆ ಹೊದಿಸಲು. ಬೀಜದ ಬೆಲೆ ಬಿದ್ದುಹೋದ ವರ್ಷಗಳಲ್ಲೂ ಮರ ಕಡಿಯದೆ ಉಳಿಸಿಕೊಂಡವರಿಗೆ ಈ ಗರಿಯೂ ಒಂದು ಕಾರಣವಾಗಿತ್ತು.

ಬೀಜ ಗಟ್ಟಿಯಾಗುವ ಬಗೆಯನ್ನು ತೆಂಗು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಎಳೆಯದರಲ್ಲಿ ಇರುವುದು ಬರೀ ನೀರು, ಕುಡಿಯಬಹುದಾದ ನೀರು. ಆಮೇಲೆ ಗಂಜಿ ಕಟ್ಟುತ್ತದೆ. ಅದನ್ನು ಅಲ್ಲಿನ ಜನ ಬೆರಳಿನಿಂದ ಎಬ್ಬಿಸಿ ತಿನ್ನುತ್ತಾರೆ. ಇಲ್ಲಿಯವರೆಗೆ ತೆಂಗಿನ ದಾರಿಯೇ. ಇಲ್ಲಿಂದ ಮುಂದೆ ಎರಡೂ ಅಗಲುತ್ತವೆ. ತೆಂಗಿನ ತಿರುಳು ಎಣ್ಣೆ ತುಂಬಿಕೊಂಡು ಕೊಬ್ಬರಿಯಾಗುತ್ತದೆ. ಟಾಗ್ವಾದಲ್ಲಿ ಜೀವಕೋಶಗಳ ಗೋಡೆಗಳೇ ದಪ್ಪಗಾಗುತ್ತಾ ಹೋಗಿ, ಕೋಶದೊಳಗಿನ ಜಾಗ ಬಹುಪಾಲು ಮುಚ್ಚಿಹೋಗುತ್ತದೆ. ಗೋಡೆಯ ಈ ವಸ್ತುವಿಗೆ ಮ್ಯಾನನ್ ಎಂದು ಹೆಸರು. ಸಕ್ಕರೆಯ ಕಣಗಳು ಸರಪಳಿಯಾಗಿ ಹೆಣೆದುಕೊಂಡ ಪದಾರ್ಥ. ಮೊಳಕೆಯೊಡೆಯುವ ಸಸಿಗೆ ತಾಯಿಮರ ಕಟ್ಟಿಕೊಟ್ಟ ಬುತ್ತಿ ಅದು. ಖರ್ಜೂರದ ಬೀಜ ಹಲ್ಲಿಗೆ ಬಗ್ಗದಿರುವುದೂ, ಹಸಿ ಕಾಫಿ ಬೀಜ ಅಷ್ಟು ಬಿಗಿಯಾಗಿರುವುದೂ ಬಹುಮಟ್ಟಿಗೆ ಇದೇ ಮ್ಯಾನನ್‌ನಿಂದ. ಆನೆಯ ದಂತ ಸುಣ್ಣದ ಅಂಶವಿರುವ ಹಲ್ಲು. ಟಾಗ್ವಾ ಗಟ್ಟಿಗೊಂಡ ಸಕ್ಕರೆ. ಕಣ್ಣಿಗೆ ಹತ್ತಿರ ಕಂಡರೂ ಹುಟ್ಟಿನಿಂದ ಒಂದಕ್ಕೊಂದು ಸಂಬಂಧವೇ ಇಲ್ಲ.

19ನೇ ಶತಮಾನದಲ್ಲಿ ಈ ಬೀಜ ಇಂಗ್ಲೆಂಡಿನ ಕಡೆತಗಾರರ ಕೈ ಸೇರಿತು. ಸೂಜಿಯ ಡಬ್ಬಿ, ಬೆರಳುಗವಸಿನ ಗೂಡು, ಅಳತೆಪಟ್ಟಿಯ ಕರಡಿಗೆ, ಹೀಗೆ ಹೊಲಿಗೆ ಪೆಟ್ಟಿಗೆಯ ಸಣ್ಣಪುಟ್ಟ ಸಾಮಾನುಗಳನ್ನು ಅವರು ಅದರಲ್ಲಿ ಕಡೆದರು. ಬೀಜ ಸಣ್ಣದಾದ್ದರಿಂದ ಒಂದೊಂದು ಡಬ್ಬಿಗೆ ಎರಡು ಮೂರು ಬೀಜ ಕಡೆದು ತಿರುಪು ಹಾಕಿ ಜೋಡಿಸಬೇಕಿತ್ತು. ತಿರುಪಿನ ಆ ನಯ ಇವತ್ತಿಗೂ ಹಳೆಯ ವಸ್ತು ಸಂಗ್ರಹಿಸುವವರನ್ನು ಮರುಳು ಮಾಡುತ್ತದೆ. ಆದರೆ ಟಾಗ್ವಾ ದೊಡ್ಡ ವ್ಯಾಪಾರವಾದದ್ದು ಡಬ್ಬಿಗಳಿಂದಲ್ಲ, ಅಂಗಿಯ ಗುಂಡಿಗಳಿಂದ. ಈಕ್ವೆಡಾರ್‌ನಿಂದ ಜರ್ಮನಿಗೆ ಮೊದಲ ಸರಕು ಹೋದದ್ದು 1865ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹ್ಯಾಂಬರ್ಗ್ ಬಂದರಿನಲ್ಲಿ ಇಳಿದ ಬೀಜ ಜರ್ಮನಿ, ಆಸ್ಟ್ರಿಯಾ, ಇಟಲಿಯ ಕಾರ್ಖಾನೆಗಳಲ್ಲಿ ಬಿಲ್ಲೆಯಾಗಿ, ತೂತು ಬಿದ್ದು, ಬಣ್ಣ ಹೊದ್ದು ಗುಂಡಿಯಾಯಿತು. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರು ಈ ಕೆಲಸಕ್ಕೆ ಹೆಸರಾಯಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದ ಗುಂಡಿಗಳಲ್ಲಿ ಸುಮಾರು ಐದನೇ ಒಂದು ಪಾಲು ಟಾಗ್ವಾದವು ಎಂಬ ಅಂದಾಜಿದೆ. 1929ರಲ್ಲಿ ಈಕ್ವೆಡಾರ್ ಒಂದೇ ದೇಶ ಸುಮಾರು 25,000 ಟನ್ ಬೀಜ ಹೊರಗೆ ಕಳಿಸಿತು.

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ವ್ಯಾಪಾರ ಕುಸಿದುಬಿತ್ತು. ಜಗತ್ತಿನ ಆರ್ಥಿಕ ಮುಗ್ಗಟ್ಟು ಒಂದು ಏಟು ಕೊಟ್ಟಿತು, ಯುದ್ಧ ಇನ್ನೊಂದು. ಮೇಲೇಳದಂತೆ ಮಾಡಿದ್ದು ಪ್ಲಾಸ್ಟಿಕ್. ಕಾರಣ ಸರಳ. ಟಾಗ್ವಾ ಗುಂಡಿಯನ್ನು ಜನ ಟಾಗ್ವಾ ಎಂದು ಕೊಂಡಿರಲಿಲ್ಲ. ದಂತದ ಬದಲಿ, ಕೊಂಬಿನ ಬದಲಿ, ಮೂಳೆಯ ಬದಲಿ ಎಂದು ಕೊಂಡಿದ್ದರು. ಬದಲಿಯಾಗಿ ಮಾರಾಟವಾಗುವ ವಸ್ತುವಿಗೆ ತನಗಿಂತ ಅಗ್ಗದ ಇನ್ನೊಂದು ಬದಲಿ ಬಂದ ದಿನವೇ ಕೊನೆಯ ದಿನ. ಪ್ಲಾಸ್ಟಿಕ್ಕಿಗೆ ಬಿರುಕಿಲ್ಲ, ಗಾತ್ರದ ಮಿತಿಯಿಲ್ಲ, ಒಣಗಲು ಕಾಯಬೇಕಿಲ್ಲ. ಈಕ್ವೆಡಾರ್‌ನ ಕರಾವಳಿಯ ಕಾಡಂಚಿನ ಊರುಗಳಲ್ಲಿ ಬೀಜ ಆರಿಸುವ ಕೆಲಸ ನಿಂತಿತು. ಎಷ್ಟೋ ಕಡೆ ಕಾಡು ಕಡಿದು ಬಾಳೆ ಹಾಕಿದರು, ದನದ ಹುಲ್ಲುಗಾವಲು ಮಾಡಿದರು.

ಎರಡನೇ ಸುತ್ತು ಶುರುವಾದದ್ದು 1990ರ ಹೊತ್ತಿಗೆ. ಹಿಂದಿನ ವರ್ಷ, 1989ರಲ್ಲಿ, ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಲ್ಲಿಸುವ ತೀರ್ಮಾನ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ದೇಶಗಳ ಸಭೆಯಲ್ಲಿ ಆಗಿತ್ತು. 1990ರಲ್ಲಿ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆ ಈಕ್ವೆಡಾರ್‌ನ ಎಸ್ಮೆರಾಲ್ಡಾಸ್ ಪ್ರಾಂತದ ಕಾಡುಜನರ ಜೊತೆ ಸೇರಿ ಟಾಗ್ವಾ ಯೋಜನೆಯೊಂದನ್ನು ಕೈಗೆತ್ತಿಕೊಂಡಿತು. ಕಾಡು ಕಡಿಯುವುದಕ್ಕಿಂತ ನಿಂತ ಕಾಡಿನಿಂದ ಬೀಜ ಆರಿಸುವುದು ಹೆಚ್ಚು ಲಾಭವಾಗಬೇಕು, ಆಗ ಕಾಡು ತಾನಾಗಿ ಉಳಿಯುತ್ತದೆ ಎಂಬುದು ಅದರ ಎಣಿಕೆ. ಕೆಲವು ಅಮೆರಿಕನ್ ಉಡುಪಿನ ಕಂಪನಿಗಳು ತಮ್ಮ ಅಂಗಿಗಳಿಗೆ ಟಾಗ್ವಾ ಗುಂಡಿ ಹಾಕಿ, ಅದನ್ನು ಬಚ್ಚಿಡದೆ ಚೀಟಿಯ ಮೇಲೆ ಬರೆದು ಮಾರಿದವು. ಮೊದಲ ಸುತ್ತಿಗೂ ಎರಡನೆಯದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಚೀಟಿಯೇ. ದಂತದ ಹಾಗೆ ಕಾಣುವ ಗುಂಡಿ ಎಂಬ ಮಾತು ಹೋಗಿ, ಇಂಥ ಕಾಡಿನ ಇಂಥ ಮರದ ಬೀಜ ಎಂಬ ಮಾತು ಬಂತು. ಪ್ಲಾಸ್ಟಿಕ್ ಆ ಮಾತಿನ ಜೊತೆ ಸ್ಪರ್ಧಿಸಲಾರದು.

ಒಡವೆ ಮತ್ತು ಕೆತ್ತನೆಯ ಕೆಲಸ ಈ ಹೊತ್ತಿಗೆ ಹಲವು ಊರುಗಳಲ್ಲಿ ನೆಲೆ ನಿಂತಿದೆ. ಈಕ್ವೆಡಾರ್‌ನ ಮನಾಬಿ ಪ್ರಾಂತದ ಸೊಸೊಟೆ ಎಂಬ ಹಳ್ಳಿಯಲ್ಲಿ ರಸ್ತೆ ಬದಿಯ ಅಂಗಡಿಗಳ ತುಂಬ ಟಾಗ್ವಾದ ಸರ, ಓಲೆ, ಬಳೆ, ಪ್ರಾಣಿಗಳ ಬೊಂಬೆ. ಅದೇ ಪ್ರಾಂತದ ಮಾಂಟಾ ಮತ್ತು ಮೊಂಟೆಕ್ರಿಸ್ಟಿಯಲ್ಲಿ ಬೀಜ ಸೀಳುವ ಕಾರ್ಖಾನೆಗಳಿವೆ. ಮೊಂಟೆಕ್ರಿಸ್ಟಿ ಇನ್ನೊಂದು ವಸ್ತುವಿಗೂ ಹೆಸರುವಾಸಿ: ಲೋಕವೆಲ್ಲ ಪನಾಮಾ ಹ್ಯಾಟ್ ಎನ್ನುವ ಹುಲ್ಲಿನ ಟೋಪಿಯ ಊರು ಅದು, ಪನಾಮಾದ್ದಲ್ಲ. ತನ್ನ ಕೈಕೆಲಸ ಪರರ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡಿ ನೋಡಿ ಈ ಊರಿಗೆ ಅಭ್ಯಾಸವಾಗಿರಬೇಕು. ಬೆಟ್ಟದ ಮೇಲಿನ ರಿಯೊಬಾಂಬಾದಲ್ಲಿ ಸಣ್ಣ ಪ್ರತಿಮೆ ಕೆತ್ತುವವರಿದ್ದಾರೆ. ಕೊಲಂಬಿಯಾದ ಚಿಕಿಂಕಿರಾ ಯಾತ್ರಾಸ್ಥಳ. ಅಲ್ಲಿ ಮೇರಿಮಾತೆಯ ದರ್ಶನಕ್ಕೆ ಬರುವ ಭಕ್ತರಿಗಾಗಿ ಬೆರಳುದ್ದದ ಪುಟ್ಟ ವಸ್ತುಗಳನ್ನು ಟಾಗ್ವಾದಲ್ಲಿ ಕಡೆಯುವ ಪರಂಪರೆ ಇದೆ. ಜಾತ್ರೆಯಿಂದ ಬದುಕುವ ಕಸುಬು ಯಾವ ದೇಶದಲ್ಲೂ ಒಂದೇ ಬಗೆ. ಪನಾಮಾದ ಡಾರಿಯೆನ್ ಕಾಡಿನ ಎಂಬೆರಾ ಮತ್ತು ವೌನಾನ್ ಜನರು ಕೆತ್ತುವ ಕಪ್ಪೆ, ಗಿಳಿ, ಆಮೆ, ಮೊಸಳೆಗಳು ಇವೆಲ್ಲಕ್ಕಿಂತ ಮೇಲು ಎನ್ನಬೇಕು. ಕಾಡಿನಲ್ಲಿ ದಿನವೂ ಕಾಣುವ ಪ್ರಾಣಿಯನ್ನೇ ಅವರು ಕೆತ್ತುತ್ತಾರೆ, ಬೀಜದ ಗುಂಡು ಆಕಾರವನ್ನು ಪ್ರಾಣಿಯ ಮೈಯಾಗಿ ಬಳಸಿಕೊಳ್ಳುತ್ತಾರೆ, ವಸ್ತುವಿನ ವಿರುದ್ಧ ಗುದ್ದಾಡುವುದಿಲ್ಲ. ಅಂಗಡಿಗಳಲ್ಲಿ ಹೆಚ್ಚು ಸಿಗುವ ಟಾಗ್ವಾ ಆನೆಗಳಲ್ಲಿ ಈ ಸಲೀಸು ಕಾಣುವುದಿಲ್ಲ. ಆ ಕಾಡುಗಳಲ್ಲಿ ಆನೆಯೇ ಇಲ್ಲ. ಸಸ್ಯದಂತ ಎಂಬ ಹೆಸರಿಗೆ ತಕ್ಕ ಹಾಗೆ ಪ್ರವಾಸಿಗರಿಗೆಂದು ಕೆತ್ತಿದ್ದು.

ಇನ್ನು ಕೆಲಸದ ಕ್ರಮ. ಒಳ್ಳೆಯ ಬೀಜ ಮರದಿಂದ ಕೀಳುವುದಲ್ಲ, ಬಲಿತು ಉದುರಿದ್ದನ್ನು ಆರಿಸುವುದು. ಅವಸರಪಟ್ಟು ಹಸಿ ಮೊಕೋಚಾ ಕಡಿದರೆ ಒಳಗಿನ ತಿರುಳು ಪೂರ್ತಿ ಕಟ್ಟಿರುವುದಿಲ್ಲ. ಒಣಗುವಾಗ ಮುದುಡಿ ಸೀಳುತ್ತದೆ. ಆರಿಸಿದ ಬೀಜವನ್ನು ಬಿಸಿಲಿನಲ್ಲಿ ಅಂಗಳದ ತುಂಬ ಹರಡಿ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಮಲೆನಾಡಿನ ಅಡಿಕೆ ಅಂಗಳ ನೋಡಿದವರಿಗೆ ಈ ನೋಟ ಹೊಸದೇನಲ್ಲ. ನೀರಾರಿದಂತೆ ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿ ಗಿಟುಕಿನ ಹಾಗೆ ಸದ್ದು ಬರುತ್ತದೆ. ಆಗ ಚಿಪ್ಪು ಒಡೆಯಬೇಕು. ಮನೆಯಲ್ಲಾದರೆ ಸುತ್ತಿಗೆ, ಕಾರ್ಖಾನೆಯಲ್ಲಾದರೆ ತಿರುಗುವ ಪೀಪಾಯಿ. ಆಮೇಲೆ ಗಾತ್ರ ನೋಡಿ ವಿಂಗಡಣೆ.

ಗುಂಡಿಗೆ ಹೋಗುವ ಬೀಜವನ್ನು ವೃತ್ತ ಗರಗಸಕ್ಕೆ ಕೊಟ್ಟು ಬಿಲ್ಲೆ ಸೀಳುತ್ತಾರೆ. ಈ ಬಿಲ್ಲೆಗೆ ಈಕ್ವೆಡಾರ್‌ನಲ್ಲಿ ಅನಿಮೆಲಾ ಎಂದು ಹೆಸರು. ರಫ್ತಾಗುವುದರಲ್ಲಿ ದೊಡ್ಡ ಪಾಲು ಅನಿಮೆಲಾಗಳದು. ಇಟಲಿ ಮೊದಲಾದ ದೇಶಗಳಿಗೆ ಹೋಗಿ, ಅಲ್ಲಿ ಕಡೆತ, ತೂತು, ಬಣ್ಣ, ಮೆರುಗು ಕಂಡು, ಕೊರೋಜೊ ಗುಂಡಿ ಎಂಬ ಹೆಸರಿನಲ್ಲಿ ಬೆಲೆಬಾಳುವ ಕೋಟುಗಳ ಮೇಲೆ ಕೂರುತ್ತವೆ. ಬೀಜ ಆರಿಸಿದವನಿಗೆ ಸಿಗುವುದು ಕಡಿಮೆ, ಬಿಲ್ಲೆ ಸೀಳಿದವನಿಗೆ ಸ್ವಲ್ಪ ಹೆಚ್ಚು, ಕೊನೆಯ ಮೆರುಗು ಕೊಟ್ಟವನಿಗೆ ಉಳಿದದ್ದೆಲ್ಲ. ಸೊಸೊಟೆಯಂಥ ಹಳ್ಳಿಯ ಒಡವೆ ಕೆಲಸಕ್ಕೆ ಇರುವ ನಿಜವಾದ ಮಹತ್ವ ಇಲ್ಲಿದೆ: ಕೊನೆಯ ಮೆರುಗು ಊರಿನಲ್ಲೇ ಆಗುತ್ತದೆ.

ಒಡವೆಗೆ ಬೀಜ ಇಡಿಯಾಗಿಯೂ ಬರುತ್ತದೆ, ಬಿಲ್ಲೆಯಾಗಿಯೂ ಬರುತ್ತದೆ. ಮಣಿಗಾದರೆ ತುಂಡು ಮಾಡಿ ಲೇತಿಗೆ ಕಚ್ಚಿಸಿ ಕಡೆಯುತ್ತಾರೆ. ಪದಕ, ಓಲೆಗಾದರೆ ಬಿಲ್ಲೆಯನ್ನು ಸಣ್ಣ ಗರಗಸದಲ್ಲಿ ಕೊಯ್ದು ಅರ ಹಾಕುತ್ತಾರೆ. ಕೆಲವರು ಒಳಗಿನ ಕಂದು ಸಿಪ್ಪೆಯನ್ನು ಪೂರ್ತಿ ತೆಗೆಯದೆ ಅಂಚಿನಲ್ಲಿ ಉಳಿಸುತ್ತಾರೆ. ಕೆನೆಬಿಳಿಯ ಸುತ್ತ ಆ ಕಂದು ಗೆರೆ ಬಣ್ಣ ಹಚ್ಚದೆಯೇ ಬರುವ ಅಲಂಕಾರ, ಇದು ಬೀಜವೆಂಬುದಕ್ಕೆ ಗುರುತೂ ಹೌದು. ಬಣ್ಣ ಹಾಕುವುದು ಸುಲಭ. ಮ್ಯಾನನ್ ನೀರನ್ನು ಹೀರುವ ಪದಾರ್ಥ. ಬಿಸಿ ಬಣ್ಣದ ನೀರಿನಲ್ಲಿ ಅದ್ದಿದರೆ ಬಣ್ಣ ಮೇಲಿನ ಪದರಕ್ಕೆ ಇಳಿಯುತ್ತದೆ, ಸುಣ್ಣದ ಗೋಡೆಗೆ ಬಳಿದ ಹಾಗೆ ಎದ್ದು ಬರುವುದಿಲ್ಲ. ಆದರೆ ಒಳಗಿನವರೆಗೆ ಹೋಗುವುದೂ ಇಲ್ಲ. ಜಾಣರು ಇದನ್ನೇ ಉಪಯೋಗಿಸಿಕೊಂಡು ಮೊದಲು ಬಣ್ಣ ಕೊಟ್ಟು ಆಮೇಲೆ ಗೀರುತ್ತಾರೆ. ಗೀರಿದ ಜಾಗದಲ್ಲಿ ಕೆನೆಬಣ್ಣದ ಚಿತ್ತಾರ ತೆರೆದುಕೊಳ್ಳುತ್ತದೆ. ಮೆರುಗಿಗೆ ಒರಟಿನಿಂದ ನಯದವರೆಗಿನ ಉಜ್ಜುಕಾಗದ, ಕೊನೆಗೆ ಬಟ್ಟೆಯ ಚಕ್ರ. ವಾರ್ನಿಶ್ ಬೇಕಿಲ್ಲ. ವಾರ್ನಿಶ್ ಹೊಡೆದ ಟಾಗ್ವಾ ಕಂಡರೆ ಉಜ್ಜುವ ಶ್ರಮ ಉಳಿಸಿದ್ದಾರೆ ಎಂದೇ ತಿಳಿಯಬಹುದು.

ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಬಹುಪಾಲು ಬೀಜಗಳ ನಡುವೆ ಒಂದು ಪೊಳ್ಳು ಇರುತ್ತದೆ, ಅಲ್ಲಿಂದ ಸಣ್ಣ ಬಿರುಕುಗಳು ಹೊರಟಿರುತ್ತವೆ. ಹೊರಗಿನಿಂದ ಅದು ಎಲ್ಲಿದೆ ಎಂದು ಕಾಣುವುದಿಲ್ಲ. ಅರ್ಧ ಕೆತ್ತಿದ ಮೇಲೆ ಉಳಿ ಅದರೊಳಗೆ ಇಳಿದಾಗಲೇ ತಿಳಿಯುವುದು. ಹೀಗಾಗಿ ಒಂದು ಬೀಜದಿಂದ ದಕ್ಕುವ ಗಟ್ಟಿ ಭಾಗ ಎರಡು ಮೂರು ಸೆಂಟಿಮೀಟರ್ ಮೀರುವುದು ಅಪರೂಪ. ಯಂತ್ರದ ವೇಗ ಹೆಚ್ಚಿ ಬಿಸಿಯಾದರೆ ಮೇಲ್ಮೈ ಕಂದಿ ಸುಟ್ಟ ವಾಸನೆ ಬರುತ್ತದೆ. ಟಾಗ್ವಾ ಗುಂಡಿ ಒಗೆತ ತಡೆಯುತ್ತದೆ; ಆದರೆ ಬಹಳ ಹೊತ್ತು ನೀರಿನಲ್ಲಿ ನೆನೆದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗುವಾಗ ಬಿರಿಯಲೂಬಹುದು. ಸ್ನಾನ ಮಾಡುವಾಗ ಬಳೆ ತೆಗೆದಿಡಿ ಎಂದು ಗ್ರಾಹಕರಿಗೆ ಹೇಳಿಯೇ ಮಾರಬೇಕು. ಖರ್ಜೂರದ ಬೀಜ ಕೊರೆಯುವ ಒಂದು ಜಾತಿಯ ಪುಟ್ಟ ಜೀರುಂಡೆಗೆ ಟಾಗ್ವಾ ಕೂಡ ಆಹಾರ. ಹಳೆಯ ಗುಂಡಿಗಳಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಅದು ಅದರ ಕೆಲಸ. ಬೀಜ ಕೊಳ್ಳುವಾಗ ಈ ತೂತು ಹುಡುಕಿ ನೋಡುವುದು ಮೊದಲ ಕೆಲಸವಾಗಬೇಕು. ಕಡೆದ ಹಿಟ್ಟು ಮಾತ್ರ ವ್ಯರ್ಥವಾಗುವುದಿಲ್ಲ. ಈಕ್ವೆಡಾರ್‌ನಲ್ಲಿ ಅದು ದನದ ಮೇವಿಗೆ ಬೆರೆಯುತ್ತದೆ, ಮುಖ ತಿಕ್ಕುವ ಲೇಪನಗಳಿಗೂ ಹೋಗುತ್ತದೆ.

ದಂತವನ್ನೂ ಟಾಗ್ವಾವನ್ನೂ ಬೇರೆ ಮಾಡಿ ತಿಳಿಯುವುದು ಕಸುಬಿಗೆ ಮಾತ್ರವಲ್ಲ, ಕಾನೂನಿಗೂ ಬೇಕಾದ ವಿದ್ಯೆ. ಆನೆಯ ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಶ್ರೇಗರ್ ಗೆರೆಗಳೆಂದು ಅದಕ್ಕೆ ಹೆಸರು. ಟಾಗ್ವಾದಲ್ಲಿ ಆ ಬಲೆ ಇಲ್ಲ. ಭೂತಗನ್ನಡಿ ಹಿಡಿದರೆ ಕೋಶಗಳ ಸಣ್ಣ ಗೀಟುಗಳು ಒಂದೇ ನಡುವಿನ ಸುತ್ತ ಸಾಲಾಗಿ ಕಾಣುತ್ತವೆ. ಪ್ರಯೋಗಾಲಯದಲ್ಲಿ ಗಂಧಕಾಮ್ಲದ ಒಂದು ತೊಟ್ಟು ಇಡುತ್ತಾರೆ: ಟಾಗ್ವಾ ಹತ್ತು ಹನ್ನೆರಡು ನಿಮಿಷಗಳಲ್ಲಿ ನಸುಗೆಂಪಾಗುತ್ತದೆ, ಆ ಕಲೆ ಹೋಗುವುದಿಲ್ಲ, ದಂತಕ್ಕೆ ಆ ಬಣ್ಣ ಬರುವುದಿಲ್ಲ. ಇದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ದೇಶದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಹೊರಗಿನಿಂದ ಬಂದ ಆಫ್ರಿಕದ ದಂತಕ್ಕೂ ಬಾಗಿಲು ಹಾಕಿತು. ಹೀಗಿರುವಾಗ ಟಾಗ್ವಾ ಪದಕವನ್ನು ದಂತದ್ದು ಎಂದು ಕಿವಿಯಲ್ಲಿ ಹೇಳಿ ಮಾರುವವನು ಗ್ರಾಹಕನಿಗೆ ಮೋಸ ಮಾಡುವುದಷ್ಟೇ ಅಲ್ಲ, ಮಾಡದ ಅಪರಾಧವನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ. ಅದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ನಿಜವಾದ ದಂತವನ್ನು ಸಸ್ಯದಂತ ಎಂದು ಚೀಟಿ ಅಂಟಿಸಿ ಸಾಗಿಸಲು ನೋಡುವವರೂ ಇರುತ್ತಾರೆ. ಸಸ್ಯದಂತ ಎಂಬ ಹೆಸರನ್ನೇ ಬಿಟ್ಟು ಟಾಗ್ವಾ ಬೀಜ ಎಂದು ಬರೆಯುವುದು ಎರಡಕ್ಕೂ ಮದ್ದು.

ಒಂದು ಟಾಗ್ವಾ ಒಡವೆ ಕೊಂಡರೆ ಒಂದು ಆನೆ ಉಳಿಯುತ್ತದೆ ಎಂಬ ಧಾಟಿಯ ಮಾತು ಮಾರಾಟದಲ್ಲಿ ಬಹಳ. ಅದನ್ನು ಪೂರ್ತಿ ನಂಬುವುದು ಕಷ್ಟ. ದೊಡ್ಡ ದಂತದ ಕೆತ್ತನೆಯನ್ನೇ ಬಯಸುವವನು ಮೂರು ಸೆಂಟಿಮೀಟರಿನ ಬೀಜದ ಚೂರಿಗೆ ಒಲಿಯುವುದಿಲ್ಲ. ಆನೆ ಉಳಿಯುವುದು ಕಾನೂನಿನಿಂದ, ಕಾವಲಿನಿಂದ. ಟಾಗ್ವಾ ಉಳಿಸಬಹುದಾದ್ದು ತನ್ನ ಕಾಡನ್ನು. ಅದೂ ತಾನಾಗಿ ಆಗುವುದಿಲ್ಲ. ಉದುರಿದ ಬೀಜವನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿದರೆ ಸಸಿ ಎಲ್ಲಿಂದ ಬರಬೇಕು? ಆ ಕಾಡುಗಳಲ್ಲಿ ಅಗೂಟಿ ಎಂಬ ದಂಶಕ ಪ್ರಾಣಿ ಬೀಜ ಹೊತ್ತು ಹೋಗಿ ಹೂತಿಡುತ್ತದೆ, ಕೆಲವನ್ನು ಮರೆಯುತ್ತದೆ, ಮರೆತದ್ದು ಮೊಳೆಯುತ್ತದೆ. ಅಗೂಟಿಯ ಪಾಲು ಬಿಟ್ಟು ಆರಿಸುವುದು ಈ ಕಸುಬಿನ ಶಿಸ್ತು.

ಕರ್ನಾಟಕಕ್ಕೆ ಬಂದರೆ, ದಂತದ ಕೆಲಸದ ನೆನಪು ಇಲ್ಲಿ ಹಳೆಯದಲ್ಲ. ಗುಡಿಗಾರರ ಮನೆತನಗಳು ಗಂಧದ ಜೊತೆಗೆ ದಂತವನ್ನೂ ಕೆತ್ತುತ್ತಿದ್ದವು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತ ಕೂರಿಸಿದ ಕೆಲಸವನ್ನು ಇವತ್ತಿಗೂ ಜನ ನಿಂತು ನೋಡುತ್ತಾರೆ. ನಿಷೇಧದ ನಂತರ ಗುಡಿಗಾರರು ಶಿವನೆ ಮರದಂಥ ಮರಗಳಿಗೆ ಹೊರಳಿದರು. ಮೈಸೂರಿನ ಇನ್ಲೇಯಲ್ಲಿ ದಂತದ ಜಾಗಕ್ಕೆ ಬಣ್ಣಬಣ್ಣದ ಮರದ ಚೂರುಗಳು ಬಂದವು, ಅವುಗಳ ಜೊತೆ ಪ್ಲಾಸ್ಟಿಕ್ಕೂ ಬಂತು. ನೂರು ವರ್ಷ ಬಾಳುವ ಬೀಟೆಯೊಳಗೆ ಪ್ಲಾಸ್ಟಿಕ್ ಚಂದ್ರ ಕೂರಿಸುವುದು ಕಣ್ಣಿಗೆ ಒಗ್ಗಿದರೂ ಮನಸ್ಸಿಗೆ ಒಗ್ಗುವುದಲ್ಲ. ಟಾಗ್ವಾದ ಸಣ್ಣ ಗಾತ್ರ ಪ್ರತಿಮೆ ಕೆತ್ತುವವನಿಗೆ ಅಡ್ಡಿ, ಇನ್ಲೇಯವನಿಗೆ ಅಡ್ಡಿಯಲ್ಲ. ಹೂವಿನ ಎಸಳು, ಹಂಸದ ಕತ್ತು, ಅಂಬಾರಿ ಆನೆಯ ಕೋರೆ, ಇವು ಯಾವುದಕ್ಕೂ ಬೆರಳಗಲಕ್ಕಿಂತ ದೊಡ್ಡ ಚೂರು ಬೇಡ. ಚನ್ನಪಟ್ಟಣದವರ ಹಾಲೆ ಮರಕ್ಕೆ ಇಂಗ್ಲಿಷಿನಲ್ಲಿ ದಂತಮರ ಎಂಬರ್ಥದ ಹೆಸರೇ ಇದೆ; ಅವರ ಲೇತಿಗೂ ಕೈಗೂ ಮಣಿ ಕಡೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ದಕ್ಷಿಣ ಅಮೆರಿಕದಿಂದ ತರಿಸುವ ಖರ್ಚು ದೊಡ್ಡ ತಡೆ. ಇಡೀ ಬೀಜ ತರಿಸುವುದಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ನಿಯಮಗಳನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಆದರೆ ದಂತದಂಥ ಬೀಜ ಕೊಡುವ ತಾಳೆ ಅಮೆರಿಕದಲ್ಲಿ ಮಾತ್ರ ಇಲ್ಲ. ಪೆಸಿಫಿಕ್ ದ್ವೀಪಗಳ ಸಾಗು ತಾಳೆಯ ಕೆಲವು ಜಾತಿಗಳ ಬೀಜ, ಆಫ್ರಿಕದ ಡೂಮ್ ತಾಳೆಯ ಬೀಜ ಒಂದು ಕಾಲಕ್ಕೆ ಗುಂಡಿಯ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ಮೂರನೆಯದು ಇಲ್ಲಿಯದೇ: ಶ್ರೀತಾಳೆ. ಕೇರಳದಿಂದ ಕರ್ನಾಟಕದ ಕರಾವಳಿಯವರೆಗೆ ಬೆಳೆಯುವ ಈ ಮರದ ಎಲೆ ಓಲೆಗ್ರಂಥಗಳಿಗೆ ಬಳಕೆಯಾದದ್ದು ಎಲ್ಲರಿಗೂ ಗೊತ್ತು. ಬೀಜದ ಸಂಗತಿ ಅಷ್ಟು ಗೊತ್ತಿಲ್ಲ. ಶ್ರೀತಾಳೆ 30ರಿಂದ 80 ವರ್ಷ ಬೆಳೆದು, ಜೀವಮಾನದಲ್ಲಿ ಒಂದೇ ಸಲ, ನೆತ್ತಿಯ ಮೇಲೆ ಆರೆಂಟು ಮೀಟರ್ ಎತ್ತರದ ಹೂಗೊಂಚಲು ಬಿಡುತ್ತದೆ. ಸಸ್ಯಲೋಕದಲ್ಲೇ ಅದಕ್ಕಿಂತ ದೊಡ್ಡ ಹೂಗೊಂಚಲು ಇಲ್ಲ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಸಾವಿರಾರು ಕಾಯಿ, ಕಾಯಿಗೊಂದು ಗುಂಡನೆಯ ಬೀಜ. ಆಮೇಲೆ ಮರ ಸಾಯುತ್ತದೆ. ಉತ್ತರ ಭಾರತದಲ್ಲಿ ಈ ಬೀಜಕ್ಕೆ ಬಜರ್‌ಬಟ್ಟು ಎನ್ನುತ್ತಾರೆ. ದೃಷ್ಟಿ ತಾಗದಿರಲೆಂದು ಮಕ್ಕಳಿಗೆ ಕಟ್ಟುತ್ತಾರೆ, ಸಾಧುಗಳು ಮಾಲೆ ಮಾಡಿ ಹಾಕಿಕೊಳ್ಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಮಾರುಕಟ್ಟೆಯ ಮೂಲಕ ಗುಂಡಿ ಮತ್ತು ಮಣಿಗಳಿಗಾಗಿ ಹೊರದೇಶಕ್ಕೂ ಹೋಗುತ್ತಿತ್ತು. ಕೆಂಪು ಬಣ್ಣ ಕೊಟ್ಟು ಹವಳ ಎಂದು ಮಾರುತ್ತಿದ್ದದ್ದೂ ಉಂಟು. ಇನ್ನೊಂದರ ಹೆಸರಿನಲ್ಲಿ ಮಾರಾಟವಾದ ಈ ಬೀಜಕ್ಕೂ ಟಾಗ್ವಾದ ಗತಿಯೇ ಆಯಿತು: ಅಗ್ಗದ ನಕಲಿ ಹವಳ ಬಂತು, ಬಜರ್‌ಬಟ್ಟು ಮರೆತುಹೋಯಿತು.

ಕರಾವಳಿಯಲ್ಲಿ ಶ್ರೀತಾಳೆ ಈಗ ವಿರಳ. ಅದು ಹೂ ಬಿಟ್ಟರೆ ಬರಗಾಲ ಬರುತ್ತದೆ ಎಂಬ ನಂಬಿಕೆಯಿಂದ ಹೂ ಬಿಡುವ ಮೊದಲೋ ಬಿಟ್ಟ ಕೂಡಲೋ ಕಡಿದುಬಿಡುವ ರೂಢಿ ಹಲವು ಕಡೆ ಇದೆ. ಹಾಗೆ ಕಡಿದ ಮರ ಬೀಜ ಬಿಡುವುದಿಲ್ಲ, ಬೀಜವಿಲ್ಲದೆ ಮುಂದಿನ ಮರವಿಲ್ಲ. ಎಳೆಯ ಕಾಯಿಯನ್ನು ಜಜ್ಜಿ ಮೀನು ಹಿಡಿಯಲು ನೀರಿಗೆ ಹಾಕುತ್ತಿದ್ದರು, ಅಷ್ಟು ನಂಜು ಅದರಲ್ಲಿದೆ. ಹಸಿ ಕಾಯಿಯನ್ನು ಮಕ್ಕಳ ಕೈಗೆ ಕೊಡಬಾರದು. ಬಲಿತು ಒಣಗಿದ ಬೀಜವನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅಂಥ ಬೀಜ ಸಿಕ್ಕರೆ ಅದಕ್ಕೆ ಹವಳದ ಬಣ್ಣ ಬೇಡ, ದಂತದ ಹೆಸರು ಬೇಡ. ಶ್ರೀತಾಳೆ ಮಣಿ ಎಂದೇ ಕಡೆದು, ಶ್ರೀತಾಳೆ ಮಣಿ ಎಂದೇ ಮಾರುವಷ್ಟು ಕುಸುರಿ ಈ ಪತ್ರ ತಲುಪುವ ಕೈಗಳಲ್ಲಿದೆ.

ಉಡುಪಿಯಲ್ಲೋ ಕುಮಟೆಯಲ್ಲೋ ಎಲ್ಲಾದರೂ ಒಂದು ಶ್ರೀತಾಳೆ ಹೂ ಬಿಟ್ಟಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ, ಆ ಹಿತ್ತಲಿನವರಿಗೆ ಒಂದು ವರ್ಷ ಕೊಡಲಿ ಎತ್ತಬೇಡಿ ಎಂದು ಹೇಳಿಬನ್ನಿ. ಬೀಜ ಉದುರಿದ ಮೇಲೆ ಒಂದು ಹಿಡಿ ತಂದು ಒಣಗಿಸಿ ಲೇತಿಗೆ ಕೊಟ್ಟು ನೋಡಿ. ಮಿಕ್ಕಿದ್ದನ್ನು ಆ ಊರಿನಲ್ಲೇ ನೆಡಿಸಿ.